ತುಕ್ಕು ಹಿಡಿದದ್ದೇ ಇರಲಿ

“ಅದು ಬ್ಯಾಡ್ರಿ ಅಣ್ಣಾರ. ಮೂಲ್ಯಾಗ ತುಕ್ಕ ಹಿಡಿದು ಕುಂತೈತಲ್ಲ, ಅದನ್ನ ಕೊಡ್ರಿ” ಎಂದಳು ನನ್ನ ಹೆಂಡತಿ. ಕೆರೂರಿನ ವರ್ಕ್‌ಶಾಪಿನಲ್ಲಿ ನಾನು ಆಗಲೇ ಬೇರೊಂದು ಲೇಥ್ ಮಷಿನ್ ಒಪ್ಪಿಕೊಂಡಿದ್ದೆ. ಅದೂ ಹಳೆಯದೇ. ಆದರೆ ಮಾಲೀಕ ಹುಸೇನಸಾಬರು ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ, ಹಸಿರು ಬಣ್ಣ ಬಳಿದು ಹೊಸದರಂತೆ ಮಾಡಿದ್ದರು. ಮನೆಗೆ ಒಯ್ದು ಸ್ವಿಚ್ ಹಾಕಿದರೆ ಅಂದೇ ಕಬ್ಬಿಣ ಕಡೆಯಬಹುದಿತ್ತು.

ಹುಸೇನಸಾಬರು ಗಾಬರಿಯಾದರು. “ಅಕ್ಕಾರ, ಅದು ಕೈಲೆ ತಿರುವಿದ್ರೂ ತಿರಗೂದಿಲ್ರಿ. ರಿಪೇರಿ ಮಾಡಾಕ ಸಾಹೇಬ್ರಿಗೆ ವರ್ಷ ಹಿಡೀತೈತಿ.”

“ಅದಕ್ಕ ಕೇಳಾಕತ್ತೇನ್ರಿ. ರಿಟೈರ್ ಆದಾಗಿಂದ ಇವ್ರು ದಿನಾ ಮುಂಜಾನೆ ಎದ್ದು ನನ್ನ ಅಡಗಿಮನಿ ಡಬ್ಬಿ ಎತ್ತರದ ಪ್ರಕಾರ ಜೋಡಿಸ್ತಾರ. ಬ್ಯಾಳಿ ಎಲ್ಲೈತಿ, ಬೆಲ್ಲ ಎಲ್ಲೈತಿ, ನನಗ ತಿಳೀವಲ್ದು!”

ಹುಸೇನಸಾಬರು ನಗು ತಡೆಯಲು ಬೆನ್ನು ತಿರುಗಿಸಿದರು. ಶಿಸ್ತಿನಲ್ಲಿ ತಪ್ಪೇನಿದೆ ಎಂದು ನಾನು ಕೇಳಿದೆ. ತುಕ್ಕಿನ ಲೇಥೇ ಗಾಡಿ ಏರಿತು.

ಬಾಗಲಕೋಟೆಯ ನಮ್ಮ ಹಿತ್ತಲ ಶೆಡ್ಡಿನಲ್ಲಿ ದಿನವೂ ಮುಂಜಾನೆ ಕೂತು ಲೇಥಿನ ಗಿಯರ್‌ಗಳನ್ನು ಒಂದೊಂದಾಗಿ ಡೀಸೆಲ್‌ನಲ್ಲಿ ತೊಳೆದೆ, ತಿಕ್ಕಿದೆ, ಮತ್ತೆ ಕೂಡಿಸಿದೆ. ಅಡುಗೆಮನೆಯ ಡಬ್ಬಿಗಳು ಅವಳಿಗೆ ಬೇಕಾದಲ್ಲಿ ಕೂತವು. ಕಳೆದ ವಾರ ಲೇಥ್ ಮೊದಲ ಸಲ ಗುಂಯ್ ಎಂದು ತಿರುಗಿತು. ಹೆಂಡತಿ ಓಡಿ ಬಂದು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಆಮೇಲೆ ತುಸು ಕಳವಳದಿಂದಲೇ ಕೇಳಿದಳು: “ಕೆರೂರಾಗ ಇನ್ನೊಂದು ತುಕ್ಕ ಹಿಡಿದದ್ದು ಸಿಗತೈತೇನ್ರಿ?”