ಮೊಸರಿನ ಮೇಲೆ ಹೊರಿಸಿದ ಕೆಮ್ಮು

ಕೇಳ್ರಪ್ಪಾ, ಎರಡು ತಿಂಗಳಿಂದ ನನಗೆ ಒಣಕೆಮ್ಮು. ಎಲ್ಲಾ ಮೊಸರಿನಿಂದಲೇ ಎಂದು ಸೊಸೆ ನನಗೆ ಮೊಸರು ಬಡಿಸುವುದನ್ನೇ ನಿಲ್ಲಿಸಿದಳು. ಮಗರಾಯ ಅದಕ್ಕೂ ಹೂಂಗುಟ್ಟಿದ.

ಇವತ್ತು ಮೂಡಲಪಾಳ್ಯದ ಡಾಕ್ಟರು, "ಬಿಪಿ ಮಾತ್ರೆ ಯಾವಾಗ ಶುರು ಮಾಡಿದ್ರಿ ಅಜ್ಜಿ?" ಎಂದರು.

"ಕೆಮ್ಮು ಬರೋಕೆ ಒಂದು ವಾರ ಮುಂಚೆ. ನೀವೇ ಬರ್ಕೊಟ್ರಲ್ಲ ಸಾರ್!"

ಮಹಾನುಭಾವರು ತಲೆ ತಗ್ಗಿಸಿ, "ಕೆಮ್ಮು ಆ ಮಾತ್ರೆಯಿಂದಾನೇ. ಬೇರೆ ಕೊಡ್ತೀನಿ" ಎಂದು ಚೀಟಿ ಬರೆದರು.

ಮನೆಗೆ ಬಂದು ಡಾಕ್ಟರು ಹೇಳಿದ್ದನ್ನ ಹೇಳಿ, ಊಟಕ್ಕೆ ಕೂತು ಮೊಸರು ಕೇಳಿದೆ.

"ಆದ್ರೂ ಮೊಸರು ಶೀತ ಅಲ್ವಾ ಅತ್ತೆ?" ಎಂದಳು ಸೊಸೆ.

"ಹೂಂ ಕಣಮ್ಮಾ" ಎಂದ ಮಗ.

"ಲೋ, ನಿನ್ನ ಹೆರೋ ಹಿಂದಿನ ದಿನವೂ ಒಂದು ಕುಡಿಕೆ ಮೊಸರು ತಿಂದಿದ್ದೆ. ಹುಟ್ಟಿದ್ದು ನೀನು. ಬೇಕಾದ್ರೆ ಅದೊಂದನ್ನ ಮೊಸರಿನ ತಪ್ಪು ಅನ್ನು" ಎಂದೆ.

ಮೊದಲು ನಕ್ಕವಳು ಸೊಸೆಯೇ. ಮೊಸರೂ ಬಂತು.