ಹಿರಿಸೊಸೆ ಹೇಳದೆ ಬಳಸಿದ ರಿಜಿಸ್ಟರ್

ಕಾಲುಚೀಲ ಹೆಣೆಯುವ ಯಂತ್ರಗಳ ಕಾರ್ಖಾನೆಯಲ್ಲಿ ಹಿರಿಸೊಸೆಗೆ ಹದಿನಾಲ್ಕು ವರ್ಷದ ಸರ್ವೀಸು. ಯಂತ್ರದೊಳಗಿನ ಉಗುರಿನಷ್ಟು ಚಿಪ್‌ಗೆ ಅಸೆಂಬ್ಲಿ ಭಾಷೆಯಲ್ಲಿ ಒಂದೊಂದೇ ಆಜ್ಞೆ ಬರೆದು ಸೂಜಿ ಎಣಿಸಲು ಕಲಿಸಿದವಳು ಅವಳೇ.

ಮೈದುನನ ಮದುವೆಯಾಗಿ ಎರಡೇ ತಿಂಗಳಿಗೆ ಕಿರಿಸೊಸೆ ಪಕ್ಕದ ಮೇಜಿಗೇ ಕೆಲಸಕ್ಕೆ ಬಂದಳು. ಮನೆಯಲ್ಲಿ ಅತ್ತೆ, "ಚಿಕ್ಕವಳ ಕೈ ಎಷ್ಟು ಚುರುಕು!" ಅನ್ನುವುದು ಸಾಲದೆಂಬಂತೆ ಇಲ್ಲಿ ಕಾರ್ಖಾನೆಯ ಯಜಮಾನರೂ ಅದೇ ರಾಗ ಎಳೆದರು. ಹಿರಿಯಳು ವಾರಗಟ್ಟಲೆ ಬರೆಯುವುದನ್ನು ಕಿರಿಯಳು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ದಿನಕ್ಕೆ ಮುಗಿಸುತ್ತಿದ್ದಳು; ಅದನ್ನು ಚಿಪ್‌ನ ಆಜ್ಞೆಗಳಾಗಿ ತಿರುಗಿಸುವ ಕೆಲಸ ಕಂಪೈಲರ್ ಎಂಬ ತಂತ್ರಾಂಶದ್ದು. ನಿನ್ನೆ ಮೊನ್ನೆ ಬಂದವಳು! ಹಿರಿಸೊಸೆ ತನ್ನ ಕೀಲಿಮಣೆಯನ್ನು ಇನ್ನಷ್ಟು ಜೋರಾಗಿ ಕುಟ್ಟಿದಳು.

ಹೊಸ ಯಂತ್ರದ ಪ್ರೋಗ್ರಾಮನ್ನು ಕಿರಿಸೊಸೆಯೇ ಬರೆದಳು. ಸೂಜಿ ಎಣಿಕೆ ಮಾತ್ರ ತೀರಾ ನಿಧಾನವಾಯಿತು.

"ಆ ಎಣಿಕೆಯ ನಾಲ್ಕು ಸಾಲು ನಿಮ್ಮ ಅಸೆಂಬ್ಲೀಲೇ ಬರೆದು ಅವಳ ಪ್ರೋಗ್ರಾಮಿನ ಮಧ್ಯೆ ಕೂರಿಸಿಬಿಡಿ," ಎಂದರು ಯಜಮಾನರು ಹಿರಿಸೊಸೆಗೆ.

ಗೆದ್ದ ಹುಮ್ಮಸ್ಸಿನಲ್ಲಿ ಆಕೆ ಅರ್ಧ ಗಂಟೆಯಲ್ಲಿ ಮುಗಿಸಿದಳು. ಕಿರಿಯಳ ಸೂಜಿ ಎಣಿಕೆಯ ಸಂಖ್ಯೆಯನ್ನು ಒಂದು ರಿಜಿಸ್ಟರ್‌ಗೆ, ಅಂದರೆ ಚಿಪ್ ಸಂಖ್ಯೆ ಇಟ್ಟುಕೊಳ್ಳುವ ಪುಟ್ಟ ಗೂಡಿಗೆ, ತೆಗೆದುಕೊಂಡು, ಒಂದು ಕೂಡಿಸಿ, ಹೊರಕ್ಕೆ ಕೊಟ್ಟಳು.

ಮೊದಲ ಜೊತೆ ಹೆಣೆದು ಬಂತು. ಒಂದರ ಹಿಮ್ಮಡಿ ಇರುವಲ್ಲೇ ಇತ್ತು, ಇನ್ನೊಂದರದು ಮೀನಖಂಡ ಹತ್ತಿತ್ತು.

"ನನ್ನ ಸಾಲುಗಳು ಹದಿನಾಲ್ಕು ವರ್ಷದಿಂದ ಓಡ್ತಿವೆ. ಸಿ ಕಡೆ ನೋಡ್ಕೊಳ್ಳಿ," ಎಂದಳು ಹಿರಿಸೊಸೆ. ಹೇಳುವಾಗ ಹಾಲು ಕುಡಿದಷ್ಟು ಸಂತೋಷ.

ಕಿರಿಸೊಸೆ ಊಟಕ್ಕೂ ಏಳದೆ ತಡಕಿದಳು. ಮಧ್ಯಾಹ್ನ ಕುರ್ಚಿ ಎಳೆದುಕೊಂಡು ಬಂದು ಮೆಲ್ಲಗೆ ಹೇಳಿದಳು: "ಅಕ್ಕಾ, ನಿಮ್ಮ ಲೆಕ್ಕ ಸರಿಯಾಗೇ ಇದೆ. ಮಧ್ಯದಲ್ಲಿ ಇನ್ನೊಂದು ರಿಜಿಸ್ಟರ್ ಬಳಸಿದ್ದೀರಲ್ಲ, ಅದನ್ನ ಕಂಪೈಲರ್‌ಗೆ ತಿಳಿಸಿಲ್ಲ. ಹಿಮ್ಮಡಿ ಎಲ್ಲಿ ಬರಬೇಕು ಅನ್ನೋ ಸಂಖ್ಯೆನ ಕಂಪೈಲರ್ ಅಲ್ಲೇ ಇಟ್ಟಿತ್ತು. ಅದು ಅಳಿಸಿಹೋಯ್ತು."

ಹಿರಿಸೊಸೆ ತನ್ನ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಇಷ್ಟು ವರ್ಷ ಇಡೀ ಚಿಪ್ ಅವಳೊಬ್ಬಳದೇ. ಯಾವ ರಿಜಿಸ್ಟರ್ ಮುಟ್ಟಿದರೂ ಯಾರಿಗೂ ಹೇಳಬೇಕಿರಲಿಲ್ಲ.

ಅಷ್ಟರಲ್ಲಿ ಯಜಮಾನರು ಬಂದರು. "ಯಾರದ್ದು ತಪ್ಪು?"

"ನಂದೇ ಸಾರ್. ಅಕ್ಕಂಗೆ ಮೊದಲೇ ಹೇಳಬೇಕಿತ್ತು, ಮರೆತೆ," ಎಂದಳು ಕಿರಿಸೊಸೆ.

ಬೆರಳು ತೋರಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಇದಕ್ಕೆ ಏನು ಮಾಡುವುದು? ಒಳ್ಳೆಯತನದಲ್ಲೂ ಇವಳೇ ಮುಂದು! ಹಿರಿಸೊಸೆಗೆ ಸಂಜೆಯ ಕಾಫಿಯೂ ರುಚಿಸಲಿಲ್ಲ.

ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂತಳು. ತನ್ನ ಹಳೆಯ ಸಾಲುಗಳನ್ನೆಲ್ಲ, ಬಳಸಿದ ರಿಜಿಸ್ಟರ್‌ಗಳ ಪಟ್ಟಿ ಸಮೇತ, ಸಿ ಒಳಗೆ ಕೂರುವಂತೆ ತಾನೇ ತಿದ್ದತೊಡಗಿದಳು. ಬಿಟ್ಟರೆ ಅದನ್ನೂ ಆ ಚಿಕ್ಕವಳೇ ಮಾಡಿಬಿಡುತ್ತಾಳೆ.

ಹತ್ತು ಗಂಟೆಗೆ ಕಿರಿಸೊಸೆ ಇಣುಕಿದಳು. "ಅಕ್ಕಾ, ನಂಗೂ ಅಸೆಂಬ್ಲಿ ಕಲಿಸ್ತೀರಾ?"

"ನೋಡ್ಕೊಂಡು ಕಲಿ," ಎಂದ ಹಿರಿಸೊಸೆ, ಪರದೆಯನ್ನು ಅರ್ಧ ಮಾತ್ರ ಆ ಕಡೆಗೆ ತಿರುಗಿಸಿದಳು.