ಕೌರವನಿಗೆ ಅಡ್ಡ ಬಂದ ಹಾರನ್

ಬ್ರಹ್ಮಾವರದಲ್ಲಿ ನಾನು ತಾಳಮದ್ದಳೆ ರೆಕಾರ್ಡ್ ಮಾಡಿ ಸಿ.ಡಿ. ಹೊರತರುತ್ತಿದ್ದೆ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಆ ಯಕ್ಷಗಾನದಲ್ಲಿ ಬರೆದುಕೊಂಡ ಮಾತಿಲ್ಲ, ಉತ್ತರ ಆಗಲೇ ಹುಟ್ಟಬೇಕು. ಒಮ್ಮೆ ಕೌರವನ ಪಾತ್ರವಾಗಿ ಅರ್ಥ ಹೇಳುತ್ತಿದ್ದ ಹಿರಿಯರು ಉಸಿರೆಳೆದುಕೊಳ್ಳುವಾಗ ಹೊರಗೆ ಬಸ್ಸೊಂದು ಉದ್ದಕ್ಕೆ ಹಾರನ್ ಹೊಡೆಯಿತು.

"ಕೃಷ್ಣಾ, ನಿನ್ನ ಶಂಖಕ್ಕೆ ಬೆದರುವವನಲ್ಲ ಈ ಕೌರವ!" ಎಂದರು. ಸಭೆ ಚಪ್ಪಾಳೆ ತಟ್ಟಿತು.

ಮರುದಿನ ನಾನು ಕಂಪ್ಯೂಟರಿನಲ್ಲಿ ಆ ಹಾರನ್ನನ್ನು ಗುರುತೇ ಸಿಗದಂತೆ ಅಳಿಸಿ, ಹೆಮ್ಮೆಯಿಂದ ಅವರಿಗೆ ಕೇಳಿಸಿದೆ.

"ಹ್ವಾಯ್, ಹಾರನ್ ಎಂತಾಯ್ತ್ ಮಾರಾಯ್ರೆ? ಈಗ ನಾನ್ ಯಾರಿಗ್ ಉತ್ರ ಕೊಟ್ಟದ್?"

ಮೂಲ ಫೈಲನ್ನು ನಾನು ಉಳಿಸಿಕೊಂಡಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಬೇರೊಂದು ಬಸ್ಸಿನ ಹಾರನ್ ರೆಕಾರ್ಡ್ ಮಾಡಿ ತಂದು, ಅದೇ ಜಾಗಕ್ಕೆ ಸೇರಿಸಿದೆ. ಅವರು ಕಣ್ಣುಮುಚ್ಚಿ ಕೇಳಿದರು.

"ಇದ್ ಆ ಬಸ್ಸಲ್ಲ. ಇದ್ಕಾರೆ ನಾನ್ ಬೇರೆ ಉತ್ರ ಕೊಡ್ತಿದ್ದೆ."